ತಿಳಿಸುವುದು ತೀರ್ಪಲ್ಲ

ಮಗುವಿನ ಮೇಲಿನ ದೌರ್ಜನ್ಯದ ಸಂಶಯ ಬಂದರೆ ಶಾಲೆ, ಮಠದ ಹಿರಿಯರೇ ಕೂತು ಬಗೆಹರಿಸಲಿ, ಪೊಲೀಸರೇಕೆ ಎಂದು ಕಳೆದ ಸಂಚಿಕೆಯ ಲೇಖಕರು ಕೇಳಿದ್ದಾರೆ. ಬಗೆಹರಿಸುವ ಅಧಿಕಾರವೇ ಆ ಹಿರಿಯರಿಗಿಲ್ಲ. ಲೈಂಗಿಕ ದೌರ್ಜನ್ಯದ ಶಂಕೆ ಬಂದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು. ವೈದ್ಯರು, ಸ್ವಾಮಿಗಳು, ಪಾದ್ರಿ, ಮೌಲವಿ ಯಾರಿಗೂ ವಿನಾಯಿತಿ ಇಲ್ಲ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ.

ನಿರಪರಾಧಿಯ ಮಾನ ಹೋದೀತು ಎಂಬ ಅವರ ಅಳುಕು ನನಗೂ ಅರ್ಥವಾಗುತ್ತದೆ. ಆದರೆ ಚಿತ್ರದುರ್ಗದ ಮುರುಘಾ ಮಠದ ಪ್ರಕರಣ ನೋಡಿ: 2022ರಲ್ಲಿ ಬಾಲಕಿಯರ ದೂರು ಮೈಸೂರಿನ ಒಡನಾಡಿ ಸಂಸ್ಥೆಯ ಮೂಲಕ ಹೊರಬಂತು, 2025ರಲ್ಲಿ ನ್ಯಾಯಾಲಯ ಆರೋಪಿಯನ್ನು ಖುಲಾಸೆ ಮಾಡಿತು. ಎರಡೂ ಕಡೆಯ ಮಾತು ಕೇಳುವ ಜಾಗ ಅದೇ, ಮಠದ ಪಡಸಾಲೆಯಲ್ಲ.

ರೋಣ, ನರಗುಂದ, ಗಜೇಂದ್ರಗಡದ ಮಾಸ್ತರರೇ, ಅಕ್ಕೋರೇ, ಡಾಕ್ಟರರೇ, ಸಂಶಯ ಬಂದ ದಿನವೇ ಠಾಣೆಗೆ ತಿಳಿಸಿರಿ.