ವಿದೇಶದಲ್ಲಿ ಓದುವವರು ವಾರಾಂತ್ಯವೆಲ್ಲ ಸುತ್ತುತ್ತಾರಂತೆ, ಹಾಗಾದರೆ ಓದುವುದು ಯಾವಾಗ?

ಜರ್ಮನಿಗೆ ಓದಲು ಹೋದ ಹುಡುಗ ಐಫೆಲ್ ಗೋಪುರದ ಮುಂದೆ ನಿಂತ ಫೋಟೊ ಸ್ಟೇಟಸ್‌ಗೆ ಹಾಕಿದರೆ ಸಾಕು, ಚನ್ನಪಟ್ಟಣ, ಕನಕಪುರದ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಮಾತು ಶುರು: 'ಸಾಲ ಮಾಡಿ ಕಳಿಸಿದ್ದು ಇದಕ್ಕಾ? ಅಲ್ಲಿ ಪರೀಕ್ಷೆಯೇ ಸುಲಭವಂತೆ!' ಇದು ನಿಜವೇ? ಲೈಬ್ರರಿಯಲ್ಲಿ ಕುಳಿತ ಫೋಟೊವನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲವಲ್ಲ, ಆದ್ದರಿಂದ ನಾವು ಲೆಕ್ಕವನ್ನೇ ನೋಡೋಣ.

ಯುರೋಪಿನಲ್ಲಿ ಓದಿನ ಹೊರೆಯನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ತರಗತಿ, ಮನೆಯ ಓದು ಎಲ್ಲ ಸೇರಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ. ಸೆಮಿಸ್ಟರ್‌ಗೆ ಸಾಮಾನ್ಯವಾಗಿ 30 ಕ್ರೆಡಿಟ್, ಅಂದರೆ 750ರಿಂದ 900 ಗಂಟೆ. ಜರ್ಮನಿಯಲ್ಲಿ ಬಹಳಷ್ಟು ವಿಷಯಗಳಿಗೆ ಕೊನೆಯ ಒಂದೇ ಪರೀಕ್ಷೆ ಪೂರ್ತಿ ಅಂಕವನ್ನು ತೀರ್ಮಾನಿಸುತ್ತದೆ. ಮರುಪರೀಕ್ಷೆಗೂ ಮಿತಿಯಿದೆ, ಅದು ಮುಗಿದರೆ ಕೋರ್ಸೇ ಕೈತಪ್ಪಬಹುದು. ಸುಲಭ ಅನ್ನುವವರು ಇದನ್ನು ಫಾರ್ವರ್ಡ್ ಮಾಡುವುದಿಲ್ಲ.

ಸುತ್ತಾಟ ಸಲೀಸು ಎನ್ನುವುದು ಮಾತ್ರ ನಿಜ. ಅಲ್ಲಿನ ವಾಸದ ಪರವಾನಗಿ ಇದ್ದವರು ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಪ್ರತ್ಯೇಕ ವೀಸಾ ಇಲ್ಲದೆ ಇರಬಹುದು. ಮಾಗಡಿಯಿಂದ ಧರ್ಮಸ್ಥಳಕ್ಕೆ ಹೋಗಿಬಂದ ಹಾಗೆ! ಕಾಟ ಕೊಡುವುದು ರಾತ್ರಿ ಬಸ್ಸು. ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಎರಡು ರಾತ್ರಿ ಸೀಟಿನಲ್ಲೇ ಕಳೆದರೆ ಸೋಮವಾರದ ಪಾಠ ತಲೆಗೆ ಹತ್ತದು. ಸೆಮಿಸ್ಟರ್‌ನ ಮೊದಲ ವಾರಗಳಲ್ಲಿ ಇದು ನಡೆದೀತು, ಪರೀಕ್ಷೆಯ ತಿಂಗಳಲ್ಲಿ ಬೇಡವೇ ಬೇಡ.

ರಾಮನಗರದಿಂದ ಫೋನ್ ಮಾಡುವ ಅಪ್ಪ ಅಮ್ಮ ಫೋಟೊ ವಿಷಯ ಬಿಟ್ಟು, ಪರೀಕ್ಷೆ ಯಾವತ್ತು, ಇದು ಎಷ್ಟನೇ ಪ್ರಯತ್ನ ಎಂದು ಕೇಳಲಿ.