ಮೂರನೇ ವಾರದ ಗಂಡಾಂತರ

“ಮೂವತ್ತೇ ದಿನದಲ್ಲಿ ವೆಬ್ ಡೆವಲಪರ್ ಆಗಿ!” ಅನ್ನೋ ಜಾಹೀರಾತನ್ನ ನೀವೂ ನೋಡಿರ್ತೀರಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಒಂದು ಸಣ್ಣ ಲೆಕ್ಕ ಹಾಕೋದು ನನ್ನ ಚಟ. 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್ ಅನ್ನೋ ಉಚಿತ ಕಲಿಕೆಯ ತಾಣ ಗೊತ್ತಲ್ಲ? ಅಲ್ಲಿ ಬಹಳ ವರ್ಷ ಒಂದೊಂದು ಸರ್ಟಿಫಿಕೇಟಿಗೂ ಸುಮಾರು 300 ಗಂಟೆಯ ಕೆಲಸ ಅಂತ ಹೇಳ್ತಿದ್ದರು. ಈ 300 ಗಂಟೆಯನ್ನ 30 ದಿನಕ್ಕೆ ಹಂಚಿ ನೋಡಿ. ದಿನಕ್ಕೆ ಹತ್ತು ಗಂಟೆ! ಕೆಲಸ, ಬಸ್ಸು, ಅಡುಗೆ, ನೆಂಟರು ಯಾವುದೂ ಇಲ್ಲದವರಿಗೆ ಮಾತ್ರ ಆಗೋ ಮಾತು. ಅದೇ ವಾರಕ್ಕೆ ಆರು ಗಂಟೆ ಅಂತ ಇಟ್ಟುಕೊಂಡ್ರೆ 50 ವಾರ. ಅಂದ್ರೆ ಹತ್ತಿರ ಹತ್ತಿರ ಒಂದು ವರ್ಷ.

ಒಂದು ವರ್ಷ ಅಂದ್ರೆ ಯಾರೂ ಕೋರ್ಸು ಕೊಳ್ಳಲ್ಲ. ಅದಕ್ಕೇ ಮೂವತ್ತು ದಿನ ಅಂತಾರೆ :)

ಜಾವಾಸ್ಕ್ರಿಪ್ಟನ್ನೇ ಹತ್ತು ದಿನದಲ್ಲಿ ಮಾಡಿದ್ರಂತಲ್ಲ, ಕಲಿಯೋಕೆ ಎಷ್ಟು ದಿನ ಬೇಕು ಅಂತ ಕೇಳೋರೂ ಇದ್ದಾರೆ. ನಿಜ, 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಸಿದ್ಧ ಮಾಡಿದ್ದರು. ಆದ್ರೆ ಆ ಹತ್ತು ದಿನದ ಹಿಂದೆ ಅವರ ಎಷ್ಟೋ ವರ್ಷದ ಅನುಭವ ಇತ್ತು ಅನ್ನೋದನ್ನ ಯಾರೂ ಹೇಳಲ್ಲ.

ಇರಲಿ, ಜಾಹೀರಾತಿನವರನ್ನ ಬೈಯೋದು ನನ್ನ ಉದ್ದೇಶ ಅಲ್ಲ. ನನ್ನ ತಕರಾರು ಅದರಿಂದ ಆಗೋ ಅನಾಹುತದ ಬಗ್ಗೆ. ನನ್ನ ಚಿಕ್ಕಮ್ಮನ ಮಗಳು ಬಿ.ಕಾಂ. ಮುಗಿಸಿ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಲ್ಲಿ ಹೋಗಿ ಒಂದು ಅಂಗಡಿಯ ಲೆಕ್ಕ ಬರೀತಾಳೆ. ವೆಬ್ ಪ್ರೋಗ್ರಾಮಿಂಗ್ ಕಲೀತೀನಿ ಅಂತ ಹುರುಪಿನಿಂದ ಹೊರಟಳು. ಮೊದಲ ಭಾನುವಾರ ಏಳು ಗಂಟೆ ಕೂತಳು. ಎರಡನೇ ಭಾನುವಾರ ಐದು ಗಂಟೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ. ಮೂರನೇ ಭಾನುವಾರ ನೆಂಟರ ಮನೆ ಗೃಹಪ್ರವೇಶ ಬಂತು. ಅದರ ಮಾರನೇ ವಾರ ಫೋನ್ ಮಾಡಿ, “ಅಣ್ಣಾ, ಇದೆಲ್ಲ ಇಂಜಿನಿಯರಿಂಗ್ ಓದಿದೋರಿಗೇ ಸರಿ. ನನ್ನ ತಲೆಗೆ ಹತ್ತಲ್ಲ ಬಿಡು” ಅಂದಳು.

ತಿಂಗಳ ಕೊನೆಗೆ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದ್ರೆ ಅದನ್ನ ಹುಡುಕಿ ಹಿಡಿಯೋ ಹುಡುಗಿ ಅವಳು. ಆ ತಲೆಗೆ ಒಂದು ಸೆಮಿಕೋಲನ್ ಎಲ್ಲಿ ಬಿಟ್ಟುಹೋಗಿದೆ ಅಂತ ಹುಡುಕೋದು ಹತ್ತಲ್ವಾ? ಹತ್ತುತ್ತೆ. ಸೋತಿದ್ದು ಅವಳ ತಲೆಯಲ್ಲ, ಅವಳ ವೇಳಾಪಟ್ಟಿ.

ನನ್ನ ವಾದ ಇಷ್ಟೇ. ಮನೇಲಿ ಕೂತು ವೆಬ್ ಕಲಿಯೋರಲ್ಲಿ ಎಷ್ಟೋ ಜನ ಮೂರನೇ ನಾಲ್ಕನೇ ವಾರಕ್ಕೆ ಬಿಟ್ಟುಬಿಡ್ತಾರೆ. ಬಿಟ್ಟಮೇಲೆ “ವೇಳಾಪಟ್ಟಿ ಸರಿ ಇರಲಿಲ್ಲ” ಅಂತ ಯಾರೂ ಅನ್ನಲ್ಲ, “ನಾನು ಸರಿ ಇಲ್ಲ” ಅಂತಾರೆ. ನಮಗೆ, ಅಂದ್ರೆ ಇಂಜಿನಿಯರಿಂಗ್ ಓದಿದೋರಿಗೆ, ಗಂಟೆ ಹೊಡೆದು ಲ್ಯಾಬಿಗೆ ಕಳಿಸೋ ಕಾಲೇಜು ಇತ್ತು. ರೆಕಾರ್ಡ್ ಬುಕ್ಕಿಗೆ ಸಹಿ ಬೇಕಿತ್ತು, ಇಂಟರ್ನಲ್ಸ್ ಭಯ ಇತ್ತು, ಪಕ್ಕದಲ್ಲಿ ತೋರಿಸಿಕೊಡೋ ಗೆಳೆಯ ಇದ್ದ. ನಾವು ಪ್ರತಿಭೆ ಅಂದುಕೊಂಡಿರೋದರಲ್ಲಿ ಅರ್ಧ ಆ ಟೈಮ್‌ಟೇಬಲ್‌ನ ಪುಣ್ಯ. ಒಬ್ಬರೇ ಕಲಿಯೋರು ಅದನ್ನ ತಾವೇ ಕಟ್ಟಿಕೊಳ್ಳಬೇಕು.

ಹಾಗಾದ್ರೆ ಮೂರನೇ ವಾರದಲ್ಲೇ ಯಾಕೆ? ನಂಗೆ ಮೂರು ಕಾರಣ ಕಾಣುತ್ತೆ.

ಒಂದು, ಭಾನುವಾರದ ಗುಡ್ಡೆ. ವಾರದ ಓದನ್ನೆಲ್ಲ ಒಂದೇ ದಿನಕ್ಕೆ ಪೇರಿಸಿದ್ರೆ, ಆ ಒಂದು ಭಾನುವಾರ ತಪ್ಪಿದಾಗ ಮಧ್ಯೆ ಹದಿನಾಲ್ಕು ದಿನ ಬಿಡುವಾಗುತ್ತೆ. ಹರ್ಮನ್ ಎಬ್ಬಿಂಗ್‌ಹಾಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನ ತಾನೇ ಬಾಯಿಪಾಠ ಮಾಡಿ, ಮರೆವನ್ನ ಅಳೆದು 1885ರಲ್ಲಿ ಪುಸ್ತಕ ಬರೆದ. ಕಲಿತಿದ್ದರ ಹೆಚ್ಚಿನ ಭಾಗ ಮೊದಲ ಕೆಲವೇ ಗಂಟೆ, ದಿನಗಳಲ್ಲಿ ಮರೆತುಹೋಗುತ್ತೆ, ಒಂದೇ ಸಲ ಉರು ಹೊಡೆಯೋದಕ್ಕಿಂತ ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದ್ರೆ ಹೆಚ್ಚು ಉಳಿಯುತ್ತೆ ಅಂತ ಅವನಿಗೆ ಆಗಲೇ ಗೊತ್ತಾಗಿತ್ತು.

ಎರಡು, ಸಿಎಸ್‌ಎಸ್. ಎಷ್ಟೋ ಕೋರ್ಸುಗಳಲ್ಲಿ ಎಚ್‌ಟಿಎಮ್‌ಎಲ್ ಒಂದೆರಡು ವಾರಕ್ಕೆ ಮುಗಿದು ಸಿಎಸ್‌ಎಸ್ ಬರೋದು ಇಲ್ಲೇ. ಬೇರೆ ಭಾಷೆಗಳಲ್ಲಿ ತಪ್ಪಾದ್ರೆ ಕೆಂಪು ಅಕ್ಷರದಲ್ಲಿ ಬೈಗುಳ ಬರುತ್ತೆ. ಸಿಎಸ್‌ಎಸ್ ಬೈಯಲ್ಲ. ಗೊತ್ತಿಲ್ಲದ ಸಾಲು ಬಂದ್ರೆ ಬ್ರೌಸರ್ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತೆ. ಒಂದು ಸೆಮಿಕೋಲನ್ ಮರೆತ್ರೆ ಆ ಸಾಲೂ, ಅದರ ಮುಂದಿನ ಸಾಲೂ ಎರಡೂ ಮಾಯ! ಪುಟ ಮಾತ್ರ ಏನೂ ಆಗದ ಹಾಗೆ ನಿಂತಿರುತ್ತೆ. ಎಫ್12 ಒತ್ತಿದ್ರೆ ಬ್ರೌಸರ್ ಒಪ್ಪದ ಸಾಲಿನ ಮೇಲೆ ಗೀಟು ಎಳೆದು ತೋರಿಸುತ್ತೆ ಅಂತ ಯಾರೋ ಹೇಳೋವರೆಗೆ ಒಂದೊಂದು ತಪ್ಪಿಗೂ ಗಂಟೆಗಟ್ಟಲೆ ಹೋಗುತ್ತೆ. ಈ ಸಿಕ್ಕಿಹಾಕಿಕೊಳ್ಳೋ ಗಂಟೆಗಳಿಗೆ ಯಾರ ಪಟ್ಟಿಯಲ್ಲೂ ಜಾಗ ಇರಲ್ಲ.

ಮೂರು, ಇಂಗ್ಲಿಷು. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಅರ್ಧ ಗಂಟೆಯ ಇಂಗ್ಲಿಷ್ ವಿಡಿಯೋ ಅರ್ಧ ಗಂಟೆಗೆ ಮುಗಿಯಲ್ಲ. ನಿಲ್ಲಿಸಿ, ಹಿಂದೆ ಓಡಿಸಿ, ಪದ ಹುಡುಕಿ, ಮತ್ತೆ ಕೇಳಬೇಕು. ಕೋರ್ಸಿನವರು ವಾರಕ್ಕೆ ಇಷ್ಟು ಗಂಟೆ ಅಂತ ಬರೆದಿದ್ರೆ ಮೊದಲ ಎರಡು ತಿಂಗಳು ಅದನ್ನ ಎರಡರಿಂದ ಗುಣಿಸಿಕೊಳ್ಳಿ. ಒಂದು ವಾರದ ಪಾಠ ಎರಡು ವಾರ ತೊಗೊಂಡ್ರೆ ಆಕಾಶ ಏನೂ ಕಳಚಿ ಬೀಳಲ್ಲ.

ಇದನ್ನೆಲ್ಲ ಇಟ್ಟುಕೊಂಡು ತಂಗಿಗೆ ಬರೆದುಕೊಟ್ಟ ಆರು ಗಂಟೆಯ ವಾರ ಹೀಗಿತ್ತು:

ಸೋಮವಾರ 45 ನಿಮಿಷ: ಪಾಠ ನೋಡೋದು, ಒಂದೇ ವಿಷಯ.
ಮಂಗಳವಾರ 45 ನಿಮಿಷ: ವಿಡಿಯೋ ಮುಚ್ಚಿಟ್ಟು ಅದನ್ನೇ ಕೈಯಿಂದ ಟೈಪ್ ಮಾಡೋದು. ಕಾಪಿ ಪೇಸ್ಟ್ ಇಲ್ಲ.
ಬುಧವಾರ 45 ನಿಮಿಷ: ಮುಂದಿನ ಪಾಠ.
ಗುರುವಾರ: ರಜೆ. ವಾರದಲ್ಲಿ ಯಾವ ದಿನ ತಪ್ಪಿದ್ರೂ ಅದನ್ನ ತುಂಬಿಕೊಳ್ಳೋ ದಿನ.
ಶುಕ್ರವಾರ 45 ನಿಮಿಷ: ಬುಧವಾರದ ಪಾಠವನ್ನ ಟೈಪ್ ಮಾಡಿ, ಅದರಲ್ಲಿ ಮೂರು ಬದಲಾವಣೆ ಮಾಡೋದು.
ಶನಿವಾರ 2 ಗಂಟೆ: ತನ್ನದೇ ಒಂದು ಪುಟ. ಸಿಕ್ಕಿಹಾಕಿಕೊಳ್ಳೋದೆಲ್ಲ ಇಲ್ಲಿ.
ಭಾನುವಾರ 1 ಗಂಟೆ: ಹೋದ ವಾರ ಮಾಡಿದ್ದನ್ನ ಖಾಲಿ ಫೈಲಿನಿಂದ ಮತ್ತೆ ಬರೆಯೋದು.

ಕೂಡಿಸಿ ನೋಡಿ. ಪಾಠ ನೋಡೋದು ಒಂದೂವರೆ ಗಂಟೆ, ಕೈಯಿಂದ ಮಾಡೋದು ನಾಲ್ಕೂವರೆ ಗಂಟೆ. ಸಾಮಾನ್ಯವಾಗಿ ಜನ ಇದನ್ನ ತಿರುಗಾಮುರುಗಾ ಮಾಡ್ತಾರೆ. ವಿಡಿಯೋ ನೋಡ್ತಿದ್ದಾಗ ಎಲ್ಲಾ ಅರ್ಥ ಆದ ಹಾಗೇ ಇರುತ್ತೆ, ಖಾಲಿ ಫೈಲು ಎದುರಿಗೆ ಬಂದಾಗ ಮೊದಲ ಸಾಲೂ ಹೊಳೆಯಲ್ಲ. ಅದಕ್ಕೇ ವಾರದ ಗುರಿಯನ್ನ “ಐದು ವಿಡಿಯೋ ಮುಗಿಸ್ತೀನಿ” ಅಂತ ಬರೀಬಾರದು. “ಅಂಗಡಿಯ ಹೆಸರು, ವಿಳಾಸ, ಸಮಯ ಇರೋ ಒಂದು ಪುಟ ಮೊಬೈಲಲ್ಲಿ ಸರಿಯಾಗಿ ಕಾಣಬೇಕು” ಅಂತ ಬರೀಬೇಕು. ಆಯ್ತೋ ಇಲ್ವೋ ಅಂತ ನೋಡಿದ ಕೂಡಲೇ ಗೊತ್ತಾಗಬೇಕು.

ಇನ್ನೆರಡು ನಿಯಮ. ಒಂದೇ ಕಡೆ 25 ನಿಮಿಷಕ್ಕಿಂತ ಹೆಚ್ಚು ಸಿಕ್ಕಿಕೊಂಡ್ರೆ, ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು ಅಂತ ಮೂರು ಸಾಲು ಬರೆದಿಟ್ಟು ಎದ್ದುಬಿಡೋದು. ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತೆ. ಆಮೇಲೆ, ಈಗಿನ ಎಐ ಚಾಟ್‌ಗಳನ್ನ “ಇದು ಯಾಕೆ ಹೀಗಾಯ್ತು” ಅಂತ ಕೇಳಬಹುದು, “ಇದನ್ನ ಬರೆದುಕೊಡು” ಅಂತ ಕೇಳಬಾರದು. ಕಲಿಯೋ ವಾರದಲ್ಲಿ ಬೇರೆಯವರು ಬರೆದ ಕೋಡು ನಮ್ಮ ಲೆಕ್ಕಕ್ಕೆ ಬರಲ್ಲ.

ಶನಿವಾರದ ಪುಟ ತನ್ನದೇ ಬದುಕಿನದ್ದಾಗಿರಬೇಕು ಅನ್ನೋದು ನನ್ನ ಹಟ. ಎಲ್ಲಾ ಕೋರ್ಸಲ್ಲೂ ಇರೋ ಟು-ಡೂ ಲಿಸ್ಟು ಯಾರಿಗೆ ಬೇಕು ಹೇಳಿ? ತಂಗಿ ಜಾವಾಸ್ಕ್ರಿಪ್ಟಿಗೆ ಬಂದಾಗ ಜಿಎಸ್‌ಟಿ ಕೂಡಿಸೋ ಪುಟ ಮಾಡಿದಳು. ನೂರು ರೂಪಾಯಿಗೆ ಹದಿನೆಂಟು ಸೇರಿಸಿದ್ರೆ 118 ಬರೋ ಬದಲು 10018 ಬಂತು! ಇನ್‌ಪುಟ್ ಪೆಟ್ಟಿಗೆಯಿಂದ ಬರೋದು ಸಂಖ್ಯೆಯಲ್ಲ, ಬರೀ ಅಕ್ಷರ, ಕೂಡಿಸು ಅಂದ್ರೆ ಪಕ್ಕಪಕ್ಕ ಅಂಟಿಸುತ್ತೆ ಅನ್ನೋದನ್ನ ಅವಳು ಇನ್ನು ಜನ್ಮದಲ್ಲಿ ಮರೆಯಲ್ಲ. ಹಾಗೇ ನಮ್ಮಂಥ ಕನ್ನಡ ಟೈಪ್ ಮಾಡೋರಿಗೆ ಒಂದು ಮೋಜು. “ಕನ್ನಡ” ಅನ್ನೋ ಪದದ ಉದ್ದ ಎಷ್ಟು ಅಂತ ಜಾವಾಸ್ಕ್ರಿಪ್ಟನ್ನ ಕೇಳಿ ನೋಡಿ, ಐದು ಅನ್ನುತ್ತೆ. ನಮಗೆ ಕಾಣೋದು ಮೂರೇ ಅಕ್ಷರ. ಯುನಿಕೋಡಿನಲ್ಲಿ ಕ, ನ, ವಿರಾಮ, ನ, ಡ ಅಂತ ಐದು. ಇಂಥದ್ದೊಂದು ಶನಿವಾರ ಹತ್ತು ವಿಡಿಯೋಗೆ ಸಮ.

ಈಗ ಅವಳು ಹನ್ನೊಂದನೇ ವಾರದಲ್ಲಿದ್ದಾಳೆ. ಮಧ್ಯೆ ಎರಡು ವಾರ ಪೂರ್ತಿ ತಪ್ಪಿದೆ, ಅಂಗಡಿಯ ಲೆಕ್ಕ ಸಲ್ಲಿಸೋ ಗಡಿಬಿಡಿ. ಆದ್ರೆ ಈ ಸಲ “ತಲೆಗೆ ಹತ್ತಲ್ಲ” ಅಂತ ಅನ್ನಲಿಲ್ಲ, “ಎರಡು ವಾರ ಮುಂದಕ್ಕೆ ಹಾಕಿದೀನಿ” ಅಂದಳು. ನನಗೆ ಬೇಕಿದ್ದಿದ್ದು ಅದೇ. ಅವಳು ವೆಬ್ ಡೆವಲಪರ್ ಆಗ್ತಾಳೋ ಬಿಡ್ತಾಳೋ, ಅದು ಅವಳಿಷ್ಟ. ಬಿಡೋದಾದ್ರೆ ಇಷ್ಟ ಇಲ್ಲ ಅಂತ ಬಿಡಲಿ. ತನಗೆ ಬುದ್ಧಿ ಸಾಲದು ಅನ್ನೋ ಸುಳ್ಳನ್ನ ನಂಬಿಕೊಂಡು ಬಿಡೋದು ಬೇಡ.

ನಮ್ಮಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಎಷ್ಟೋ ಜನರನ್ನ ಊರಿನ ಹುಡುಗ ಹುಡುಗಿಯರು “ಏನು ಕಲೀಲಿ?” ಅಂತ ಕೇಳ್ತಿರ್ತಾರೆ. ನಾವು ನಾಲ್ಕು ಲಿಂಕ್ ಕಳಿಸಿ ಕೈ ತೊಳೆದುಕೊಳ್ತೀವಿ. ಇನ್ನು ಮುಂದೆ ಲಿಂಕ್ ಕಳಿಸೋ ಮುಂಚೆ “ನಿನ್ನ ವಾರ ಹೇಗಿರುತ್ತೆ?” ಅಂತ ಒಂದು ಮಾತು ಕೇಳೋಣ. ಕೋರ್ಸು ಬೇಕಾದಷ್ಟು ಸಿಗುತ್ತೆ, ಅದೂ ಪುಕ್ಕಟೆ. ಕೂತು ವಾರಕ್ಕೆ ಆರು ಗಂಟೆ ಹುಡುಕಿಕೊಡೋರು ಸಿಗಲ್ಲ. ಏನಂತೀರಿ?