ಬೀಗದ ಕೈ ಕೊಟ್ಟವನ ಹೊಣೆ ಎಲ್ಲಿಯವರೆಗೆ?

ವಿಶಾಖಪಟ್ಟಣದ ಎಂ.ವಿ.ಪಿ. ಕಾಲೋನಿಯಾಗಲಿ ವಿಜಯವಾಡದ ಪಟಮಟವಾಗಲಿ, ರಾತ್ರಿ ಹನ್ನೊಂದು ದಾಟಿದ ಮೇಲೂ ಮೇಲಿನ ಮಹಡಿಯಲ್ಲಿ ಸ್ಪೀಕರ್ ಹಚ್ಚಿ ಕುಣಿಯುತ್ತಿದ್ದರೆ ಕೆಳಗಿನ ಮನೆಯವರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: ಈ ಮನೆಯ ಓನರ್ ಯಾರು? ಓನರ್ ಹೈದರಾಬಾದಿನಲ್ಲೋ ಅಮೆರಿಕದಲ್ಲೋ ಇರುತ್ತಾನೆ. ಬಾಡಿಗೆ ತಿಂಗಳು ತಿಂಗಳು ಅವನ ಖಾತೆಗೆ ಬೀಳುತ್ತದೆ, ಗಲಾಟೆ ಬೀದಿಯವರ ಪಾಲಿಗೆ ಉಳಿಯುತ್ತದೆ. ಲಾಭ ಒಬ್ಬನಿಗೆ, ನಿದ್ದೆಗೇಡು ಇನ್ನೊಬ್ಬನಿಗೆ. ಬಾಡಿಗೆದಾರನ ರಂಪಕ್ಕೆ ಮಾಲೀಕನಿಗೂ ದಂಡ ಬೀಳಲಿ ಎಂಬ ಮಾತು ಹುಟ್ಟುವುದು ಈ ಅಸಮಾಧಾನದಿಂದಲೇ. ಅದರಲ್ಲಿ ನ್ಯಾಯವಿದೆ. ಎಷ್ಟು ನ್ಯಾಯವಿದೆ ಎಂಬುದನ್ನು ಮಾತ್ರ ಅಳೆದು ನೋಡಬೇಕು.

ಎರಡೂ ಬಾಡಿಗೆದಾರರ ಊರುಗಳೇ. ವಿಶಾಖಪಟ್ಟಣಕ್ಕೆ ಬಂದರು, ಉಕ್ಕಿನ ಕಾರ್ಖಾನೆ, ನೌಕಾಪಡೆ, ಆಂಧ್ರ ವಿಶ್ವವಿದ್ಯಾಲಯ ಜನರನ್ನು ಎಳೆದು ತರುತ್ತವೆ. ವಿಜಯವಾಡ ಕೋಚಿಂಗ್ ಕಾಲೇಜುಗಳ ಊರು. 2014ರಲ್ಲಿ ರಾಜ್ಯ ಇಬ್ಭಾಗವಾಗಿ, ಹೈದರಾಬಾದಿನಲ್ಲಿದ್ದ ಸರ್ಕಾರಿ ನೌಕರರು ವೆಲಗಪೂಡಿಯ ಸಚಿವಾಲಯಕ್ಕೆ ಬಂದಾಗ ಅಲ್ಲಿ ಬಾಡಿಗೆ ಮನೆಗಳ ಹುಡುಕಾಟ ಇನ್ನಷ್ಟು ಹೆಚ್ಚಿತು.

ಕಾನೂನು ಮಾಲೀಕನನ್ನು ಬರಿಗೈಯಲ್ಲಿ ಬಿಟ್ಟಿರಲಿಲ್ಲ. ಆಂಧ್ರದಲ್ಲಿ ದಶಕಗಳ ಕಾಲ ನಡೆದ 1960ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೇ, ನೆರೆಹೊರೆಯವರಿಗೆ ಉಪದ್ರವ ಕೊಡುವ ಬಾಡಿಗೆದಾರನನ್ನು ತೆರವು ಮಾಡಿಸಲು ಅವಕಾಶವಿತ್ತು. ಆದರೆ ಅದು ಮಾಲೀಕನ ಹಕ್ಕು, ಕರ್ತವ್ಯವಲ್ಲ. ಬಾಡಿಗೆ ಸರಿಯಾಗಿ ಬರುತ್ತಿದ್ದರೆ ಅವನೇಕೆ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ? ಇನ್ನು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ನಿಯಮ ಮುರಿದವನನ್ನು ಹಿಡಿಯಬೇಕಾದುದು ಅಧಿಕಾರಿಗಳು, ಮನೆ ಬಾಡಿಗೆಗೆ ಕೊಟ್ಟವನಲ್ಲ.

ಮಾಲೀಕನನ್ನೇ ಹೊಣೆ ಮಾಡುವ ಕಾನೂನುಗಳೂ ಇವೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, 1985ರ ಮಾದಕ ವಸ್ತು ಕಾಯ್ದೆ ಎರಡೂ ಮನೆಯನ್ನು ಅಂಥ ಕೆಲಸಕ್ಕೆ ಬಿಟ್ಟುಕೊಟ್ಟವನಿಗೆ ಶಿಕ್ಷೆ ಹೇಳುತ್ತವೆ. ಆದರೆ ಅವನು ತಿಳಿದೂ ಬಿಟ್ಟುಕೊಟ್ಟಿರಬೇಕು. 1860ರ ದಂಡ ಸಂಹಿತೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿತ್ತು: ತನ್ನ ಜಾಗದಲ್ಲಿ ದೊಂಬಿ ನಡೆಯುತ್ತದೆಂದು ಗೊತ್ತಿದ್ದೂ ಮಾಲೀಕ ಪೊಲೀಸರಿಗೆ ತಿಳಿಸದೆ, ತಡೆಯಲು ಕೈಲಾದುದನ್ನು ಮಾಡದೆ ಕೂತರೆ ಅವನಿಗೆ ದಂಡ. ಗೊತ್ತಿತ್ತೇ, ಗೊತ್ತಾದ ಮೇಲೆ ಏನು ಮಾಡಿದೆ ಎಂಬ ಈ ಎರಡು ಪ್ರಶ್ನೆಗಳಲ್ಲೇ ಹೊಣೆಯ ಅಳತೆಗೋಲು ಇದೆ.

ಈಗ ಚಾಲ್ತಿಯಲ್ಲಿರುವ ರೂಢಿ ಬೇರೆಯದು. 2025ರ ನವೆಂಬರ್‌ನಲ್ಲಿ ವಿಜಯವಾಡದ ಅಂಚಿನ ಕಾನೂರಿನಲ್ಲಿ, ಬಾಡಿಗೆ ಕಟ್ಟಡದಲ್ಲಿದ್ದ ಮಾವೋವಾದಿಗಳು ಸಿಕ್ಕಿಬಿದ್ದರು. ಇಂಥದ್ದು ನಡೆದಾಗಲೆಲ್ಲ ಬೆರಳು ಮೊದಲು ತಿರುಗುವುದು ಮಾಲೀಕನ ಕಡೆಗೆ. ದೇಶದ ಅನೇಕ ನಗರಗಳಲ್ಲಿ ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಲೇಬೇಕೆಂದು ಆದೇಶ ಹೊರಡುತ್ತದೆ. ಅಂಥ ಆದೇಶ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಡಿ ಜೈಲು ಶಿಕ್ಷೆಗೂ ಅವಕಾಶವಿದೆ. ಆಧಾರ್ ಪ್ರತಿ ಇಸಿದುಕೊಂಡ ಮಾತ್ರಕ್ಕೆ ಒಬ್ಬ ನಿವೃತ್ತ ಮೇಷ್ಟ್ರಿಗೆ ಬಾಡಿಗೆದಾರನ ಮನಸ್ಸು ಓದಲು ಬರುತ್ತದೆಯೇ?

ಬರುವುದಿಲ್ಲ. ಆದ್ದರಿಂದ ಅವರು ಸುಲಭದ ದಾರಿ ಹಿಡಿಯುತ್ತಾರೆ: ಬ್ಯಾಚುಲರ್‌ಗಳಿಗೆ ಇಲ್ಲ, ಮಾಂಸ ತಿನ್ನುವವರಿಗೆ ಇಲ್ಲ. ಬೋರ್ಡಿನ ಮೇಲೆ ಬರೆಯಲಾಗದ್ದನ್ನು ಹೆಸರು ಕೇಳಿ, ಊರು ಕೇಳಿ, ಜಾತಿ ಕೇಳಿ ತೀರ್ಮಾನಿಸುತ್ತಾರೆ. ದಂಡದ ಭಯ ಹೆಚ್ಚಿದಷ್ಟೂ ಈ ಜರಡಿಯ ಕಣ್ಣು ಸಣ್ಣದಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಗಂಡನನ್ನು ಬಿಟ್ಟು ಬಂದ ಹೆಂಗಸು, ಮುಸ್ಲಿಂ ಮತ್ತು ದಲಿತ ಕುಟುಂಬಗಳು ಹೊರಗೆ ಉಳಿಯುತ್ತವೆ. ಗಲಾಟೆ ಮಾಡುವವನು ಸೂಟುಬೂಟು ಹಾಕಿ, ಮುಂಗಡ ಎಣಿಸಿ, ಸಲೀಸಾಗಿ ಒಳಗೆ ಬರುತ್ತಾನೆ.

ಅಮೆರಿಕದ ಅನೇಕ ಪಟ್ಟಣಗಳು ಈ ದಾರಿಯಲ್ಲಿ ಇನ್ನೂ ಮುಂದೆ ಹೋದವು. ಒಂದೇ ಮನೆಯಿಂದ ಪೊಲೀಸರಿಗೆ ಪದೇ ಪದೇ ಕರೆ ಹೋದರೆ ಮಾಲೀಕನಿಗೆ ನೋಟಿಸು, ದಂಡ. ಮಿಲ್ವಾಕಿ ನಗರದ 2008-09ರ ಇಂಥ ನೋಟಿಸುಗಳನ್ನು ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಮತ್ತು ನಿಕೋಲ್ ವಾಲ್ಡೆಜ್ ಪರಿಶೀಲಿಸಿದಾಗ, ಸುಮಾರು ಮೂರರಲ್ಲಿ ಒಂದು ಕೌಟುಂಬಿಕ ಹಿಂಸೆಯ ಕರೆಗಳಿಂದ ಹುಟ್ಟಿದ್ದು ಕಂಡಿತು. ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನಲ್ಲಿ ನಾಲ್ಕು ತಿಂಗಳಲ್ಲಿ ಮೂರು ಕರೆಯಾದರೆ ಮನೆ ಕೈತಪ್ಪುವ ಭಯ. 2012ರಲ್ಲಿ ಅಲ್ಲಿ ಒಬ್ಬ ಮಹಿಳೆ, ಕುತ್ತಿಗೆಗೆ ಇರಿತ ಬಿದ್ದಾಗಲೂ, ಪೊಲೀಸರನ್ನು ಕರೆಯಬೇಡಿ ಎಂದು ಅಂಗಲಾಚಿದಳು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2014ರಲ್ಲಿ ಪಟ್ಟಣಾಡಳಿತ ಪರಿಹಾರ ಕೊಟ್ಟು ಕಾನೂನನ್ನು ಕೈಬಿಟ್ಟಿತು. ನಿದ್ದೆ ಕಾಪಾಡಲು ಬಂದ ಕಾನೂನು ಒಂದು ಜೀವಕ್ಕೇ ಎರವಾಗುವುದರಲ್ಲಿತ್ತು. ನಾಳೆ ವಿಜಯವಾಡದ ಯಾವುದೋ ವಠಾರದಲ್ಲಿ ಏಟು ತಿನ್ನುವವಳೂ 112 ಒತ್ತುವ ಮೊದಲು ಮನೆ ಹೋದೀತೆಂದು ಲೆಕ್ಕ ಹಾಕುವಂತಾಗಬಾರದು.

ಹಾಗೆಂದು ಮಾಲೀಕನನ್ನು ಸುಮ್ಮನೆ ಬಿಡಬೇಕೆಂದಲ್ಲ. ವಿಶಾಖಪಟ್ಟಣ, ವಿಜಯವಾಡದಂಥ ನಗರಗಳು ನಿಯಮ ಮಾಡುವುದಾದರೆ ಅದು ಹೀಗಿರಲಿ. ದೂರದಲ್ಲಿರುವ ಪ್ರತಿ ಮಾಲೀಕನೂ ಫೋನಿಗೆ ಸಿಗುವ ಒಬ್ಬ ಸ್ಥಳೀಯ ಪ್ರತಿನಿಧಿಯನ್ನು ಹೆಸರಿಸಬೇಕು. ನೆರೆಯವರ ದೂರು ಲಿಖಿತವಾಗಿ ಅವನಿಗೆ ತಲುಪಬೇಕು. ಅದು ನಿಜವೆಂದು ಅಧಿಕಾರಿಗೆ ಕಂಡುಬಂದ ಮೇಲೂ ಎಚ್ಚರಿಕೆ ಕೊಡದೆ, ಕರಾರಿನ ಷರತ್ತು ಬಳಸದೆ ಕೂತಿದ್ದರೆ ಆಗ ದಂಡ ಬೀಳಲಿ. ಸಹಾಯ ಕೇಳಿ ಮಾಡಿದ ಕರೆ ಯಾವತ್ತೂ ದೂರಿನ ಲೆಕ್ಕಕ್ಕೆ ಸೇರಬಾರದು. ಬೀಗ ಒಡೆದು, ನೀರು ನಿಲ್ಲಿಸಿ ಬಾಡಿಗೆದಾರನನ್ನು ಹೊರಹಾಕಲು ಈ ನಿಯಮ ನೆಪವಾಗಬಾರದು.

ಬಾಡಿಗೆಗೆ ಕೊಟ್ಟ ಮನೆಯ ಬೀಗದ ಕೈ ಮಾಲೀಕನ ಬಳಿ ಇರುವುದಿಲ್ಲ, ಇರಲೂಬಾರದು. ಒಳಗೆ ನಡೆದುದಕ್ಕೆಲ್ಲ ಅವನು ಜವಾಬು ಕೊಡಲಾರ. ಆದರೆ ನೆರೆಯವರು ಬಾಗಿಲು ಬಡಿದು ಹೇಳಿದ ಮೇಲೂ ಕೇಳಿಸಲಿಲ್ಲ ಎನ್ನುವಂತಿಲ್ಲ.